ಗುಂಪಿನ ನಾಯಕ ಕೊನೆಯಲ್ಲಿ ನಡೆಯಲಿ

ಮೈಸೂರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಕಬ್ ಮಾಸ್ಟರ್, ಅಂದರೆ ಸ್ಕೌಟ್ ಚಳವಳಿಯ ಕಿರಿಯ ಮಕ್ಕಳಾದ ಕಬ್‌ಗಳ ಶಿಕ್ಷಕ, ಆದ ಮೊದಲ ವರ್ಷ, ಮಕ್ಕಳನ್ನು ಚಾಮುಂಡಿ ಬೆಟ್ಟ ಹತ್ತಿಸಲು ಕರೆದೊಯ್ದಾಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಬೆಟ್ಟದ ಬುಡದಲ್ಲಿ ನಿಂತು, ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿ ಮೊದಲು ಮೇಲೆ ಸೇರುವ ಐವರಿಗೆ ಬಹುಮಾನವಿದೆ ಎಂದು ಸಾರಿದೆ. ಏಕಶಿಲೆಯ ನಂದಿಯ ಬಳಿ ನಾನು ಬರುವಷ್ಟರಲ್ಲಿ ಗುಂಪುಗಳೆಲ್ಲ ಚದುರಿಹೋಗಿದ್ದವು. ಮೂರನೇ ತರಗತಿಯ ಹುಡುಗನೊಬ್ಬ, ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿದ್ದರಿಂದ ಮುಂದೆ ಹೋಗಲಾರದೆ, ಒಬ್ಬನೇ ಕುಳಿತು ಅಳುತ್ತಿದ್ದ. ಯಾಕಪ್ಪ ಅವನನ್ನು ಬಿಟ್ಟು ಬಂದೆ ಎಂದು ಅವನ ಗುಂಪಿನ ನಾಯಕನನ್ನು ಕೇಳಿದರೆ, "ನೀವೇ ಬೇಗ ಹೋಗಿ ಅಂದ್ರಲ್ಲ ಸರ್" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದಾಗ, ಅವರನ್ನು ಚಿಕ್ಕ ಚಿಕ್ಕ ದಳಗಳಾಗಿ ವಿಂಗಡಿಸಿ, ಪ್ರತಿ ದಳದ ಹೊಣೆಯನ್ನು ಅವರಲ್ಲೇ ಒಬ್ಬ ಹುಡುಗನಿಗೆ ವಹಿಸಿದ್ದರು. ಆ ಹುಡುಗರಿಗಿಂತ ಕಿರಿಯ ಮಕ್ಕಳಿಗಾಗಿ 1916ರಲ್ಲಿ ಕಬ್ ವಿಭಾಗ ಆರಂಭವಾಯಿತು. ಇಂದಿಗೂ ನಮ್ಮ ಕಬ್‌ಗಳು ಆರಾರು ಮಕ್ಕಳ ಗುಂಪಿನಲ್ಲೇ ಕಲಿಯುತ್ತಾರೆ. ನಾಯಕನಿಗೆ ಸಿಕ್ಸರ್, ಸಹಾಯಕನಿಗೆ ಸೆಕೆಂಡ್ ಎಂಬ ಹೆಸರು. ಒಂಬತ್ತು ವರ್ಷದ ಮಗು ಇಡೀ ತರಗತಿಯ ಮೇಲೆ ಕಣ್ಣಿಡಲಾರದು, ಆದರೆ ಐವರಲ್ಲಿ ಯಾರ ಬಾಟಲಿಯ ನೀರು ಮುಗಿದಿದೆ, ಯಾರ ಮುಖ ಬಾಡಿದೆ ಎಂಬುದನ್ನು ಖಂಡಿತ ಗಮನಿಸಬಲ್ಲದು. ಆ ವ್ಯವಸ್ಥೆಯನ್ನು ನಾನು ಒಂದು ಬಹುಮಾನದ ಆಸೆ ತೋರಿಸಿ ಕೆಡಿಸಿದ್ದೆ.

ಮರುವರ್ಷ ಬಹುಮಾನ ಇರಲಿಲ್ಲ. ಸೆಕೆಂಡ್ ಮುಂದೆ, ಸಿಕ್ಸರ್ ಎಲ್ಲರಿಗಿಂತ ಹಿಂದೆ ನಡೆಯಬೇಕು. ಕೊನೆಯವನು ಮೆಟ್ಟಿಲು ಹತ್ತಿದಾಗಲೇ ಗುಂಪು ತಲುಪಿದಂತೆ ಲೆಕ್ಕ ಎಂದಷ್ಟೇ ಹೇಳಿದೆ. ಸಹೋದ್ಯೋಗಿಗಳು ಬೇಡವೆಂದರೂ, ಹಿಂದಿನ ವರ್ಷ ಜೊತೆಗಾರನನ್ನು ಬಿಟ್ಟು ಬಂದಿದ್ದ ಅದೇ ನಾಯಕನನ್ನು ಮತ್ತೆ ಸಿಕ್ಸರ್ ಮಾಡಿದೆ, ಏಕೆಂದರೆ ತಪ್ಪು ನನ್ನದಾಗಿತ್ತು. ಇನ್ನೂರು ಮೆಟ್ಟಿಲು ದಾಟುವಷ್ಟರಲ್ಲಿ ಅವನು ಗುಂಪನ್ನು ನಿಲ್ಲಿಸಿ, ಎಲ್ಲರಿಗಿಂತ ನಿಧಾನವಾಗಿ ನಡೆಯುತ್ತಿದ್ದವನ ಚೀಲವನ್ನು ಇನ್ನೊಬ್ಬನಿಗೆ ಕೊಟ್ಟು, ಆ ಹುಡುಗನನ್ನೇ ಸಾಲಿನ ಮುಂದಕ್ಕೆ ಕಳಿಸಿದ. ಅಲ್ಲಿಂದ ಮೇಲಕ್ಕೆ ಗುಂಪು ಅವನ ಹೆಜ್ಜೆಗೇ ಹೊಂದಿಕೊಂಡು ನಡೆಯಿತು. ಪರ್ವತಾರೋಹಿಗಳು ಪಾಲಿಸುವ ಈ ಕ್ರಮವನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಆಗ ಸುಮ್ಮನಿರುವುದು ನನಗೆ ಬಹಳ ಕಷ್ಟವಾಯಿತು. ಬೆಳಗಿನ ತಂಪಿನಲ್ಲೇ ಹೊರಡುವುದು, ಪ್ರತಿ ಗುಂಪಿನ ಹತ್ತಿರ ಒಬ್ಬ ಹಿರಿಯರಿರುವುದು, ಕೋತಿಗಳ ಕಣ್ಣಿಗೆ ತಿಂಡಿ ಬೀಳದಂತೆ ನೋಡಿಕೊಳ್ಳುವುದು, ಪಾಲಕರ ಒಪ್ಪಿಗೆ ಪಡೆಯುವುದು, ಇವೆಲ್ಲ ನಮ್ಮ ಹೊಣೆ. ಮಕ್ಕಳಿಗೆ ಎದುರಾಗುವ ಕಷ್ಟ ನಿಜವಾದದ್ದಾಗಿರಬೇಕು, ಅಪಾಯ ಮಾತ್ರ ಹತ್ತಿರ ಸುಳಿಯಬಾರದು. ಅಷ್ಟು ಖಾತ್ರಿಯಾದ ಮೇಲೆ, ಹಗ್ಗದ ಗಂಟು ತಪ್ಪಾಗಿ ಬಿದ್ದರೂ ಅದು ತಾನಾಗಿ ಜಾರಿ, ಮಕ್ಕಳೇ ಮತ್ತೆ ಕಟ್ಟುವವರೆಗೆ ನಾವು ಕೈ ಕಟ್ಟಿಕೊಂಡು ನಿಲ್ಲಬೇಕು. ಜೊತೆಗೆ ಬಂದಿದ್ದ ತಾಯಿಯೊಬ್ಬರು ಮಗನ ಚೀಲ ಹೊರಲು ಮುಂದಾದಾಗ, "ಸ್ವಲ್ಪ ತಾಳಿ ಅಮ್ಮ, ಅವರೇ ನೋಡ್ಕೋತಾರೆ" ಎಂದು ಕೇಳಿಕೊಂಡೆ.

ಮೇಲೆ ನೆರಳಿನಲ್ಲಿ ವೃತ್ತಾಕಾರವಾಗಿ ಕುಳಿತಾಗ, ಇಂದು ನಿನಗೆ ಯಾರು ನೆರವಾದರು ಎಂದು ಒಬ್ಬೊಬ್ಬರನ್ನೂ ಕೇಳಿದೆ. ಮುಂದೆ ನಡೆದಿದ್ದ ಆ ನಿಧಾನಿ ಹುಡುಗ ಬಹಳ ಹೊತ್ತು ಯೋಚಿಸಿ, "ನಾನೇ ದಾರಿ ತೋರಿಸ್ದೆ ಸರ್" ಎಂದ. ಸಿಕ್ಸರ್ ಹೌದೆಂದು ತಲೆಯಾಡಿಸಿದ.