ಬಾವಿ ನೀರಿನ ಮಾಪಕ: ಗುರಿವಾಕ್ಯ ಗಟ್ಟಿಯಾಯಿತು, ಅರ್ಧ ಸಾಮಾನು ಹೊರಗೆ ಹೋಯಿತು

ಈಗಿನ ಸ್ಥಿತಿ: ಈ ಮಾಪಕ ಯಾರಿಗಾಗಿ, ಏನು ಮಾಡಬೇಕು ಎಂದು ಹೇಳುವ ಗುರಿವಾಕ್ಯ ತಯಾರು, ಸೆನ್ಸರ್ ಯಾವುದೆಂದು ತೀರ್ಮಾನವಾಗಿದೆ. ಪೆಟ್ಟಿಗೆ ಮತ್ತು ಅಡುಗೆಮನೆಯ ಡಿಸ್‌ಪ್ಲೇ ಬಾಕಿ. ಈ ಸಲದ ಟಿಪ್ಪಣಿ ಹೆಚ್ಚಾಗಿ ಗುರಿವಾಕ್ಯದ್ದೇ, ಯಾಕೆಂದರೆ ಸಾಮಾನಿನ ಪಟ್ಟಿಯನ್ನು ಅದೇ ತಿದ್ದಿತು.

ಮೊದಲ ಕರಡು: ‘ಉಡುಪಿಯ ಮನೆ ಬಾವಿಗಳಿಗೆ ಕಡಿಮೆ ಖರ್ಚಿನ ಸ್ಮಾರ್ಟ್ ಜಲ ನಿರ್ವಹಣೆ.’ ಓದಲು ಚಂದ, ಕೆಲಸಕ್ಕೆ ಬರುವುದಿಲ್ಲ. ಗುರಿವಾಕ್ಯವನ್ನು ಪರೀಕ್ಷಿಸುವುದು ಸುಲಭ. ಬೇಡಿಕೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ಓದಬೇಕು; ಒಂದನ್ನಾದರೂ ಅದು ಹೊಡೆದುಹಾಕದಿದ್ದರೆ ಆ ವಾಕ್ಯ ಇದ್ದೂ ಇಲ್ಲದಂತೆ. ನಮ್ಮ ಪಟ್ಟಿಯಲ್ಲಿದ್ದದ್ದು ಮೊಬೈಲ್ ಆ್ಯಪ್, ಪಂಪ್ ತಾನಾಗಿ ನಿಲ್ಲುವುದು, ನೀರಿನ ಉಪ್ಪಿನಂಶ, ಮಳೆ ಲೆಕ್ಕ, ನೆರೆಹೊರೆಯ ಬಾವಿಗಳ ನಕ್ಷೆ. ‘ಸ್ಮಾರ್ಟ್ ಜಲ ನಿರ್ವಹಣೆ’ಯೊಳಗೆ ಐದಕ್ಕೂ ಜಾಗವಿದೆ.

ಎರಡನೇ ಕರಡು: ‘ಅಲ್ಟ್ರಾಸಾನಿಕ್ ಸೆನ್ಸರ್‌ನಿಂದ ಬಾವಿಯ ನೀರಿನ ಮಟ್ಟ ಅಳೆದು ಮೊಬೈಲಿಗೆ ಕಳಿಸುವುದು.’ ಸ್ಪಷ್ಟವೇನೋ ಹೌದು, ಆದರೆ ಏನು ಬೇಕು ಎಂದು ಹೇಳುವ ಮೊದಲೇ ಹೇಗೆ ಮಾಡುವುದು ಎಂದು ಹೇಳಿಬಿಟ್ಟಿದೆ. ಇಂಥ ವಾಕ್ಯ ಬರೆದರೆ ಆ ಭಾಗ ಹೊಂದದಿದ್ದರೂ ಅದಕ್ಕೇ ಅಂಟಿಕೊಳ್ಳಬೇಕಾಗುತ್ತದೆ. ಇಲ್ಲಿ ಅದು ಹೊಂದುವುದೂ ಇಲ್ಲ. ನೀರು ತಾಗಿದರೂ ಕೆಡದ ಜೆಎಸ್‌ಎನ್-ಎಸ್‌ಆರ್04ಟಿ ಮಾದರಿಯ ಸೆನ್ಸರ್ ನಂಬಿಕೆಯಿಂದ ಅಳೆಯುವುದು ಸುಮಾರು 4.5 ಮೀಟರ್ ತನಕ. ಬೇಸಗೆಯಲ್ಲಿ ಬಾವಿಕಟ್ಟೆಯಿಂದ ನೀರು 8 ಮೀಟರ್ ಕೆಳಗಿದ್ದರೆ ಅದಕ್ಕೆ ಎಟುಕುವುದಿಲ್ಲ. ಅದರ ಶಬ್ದ ಅಗಲಕ್ಕೆ ಹರಡುವುದರಿಂದ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ಉಬ್ಬು ತಗ್ಗಿನಿಂದಲೇ ಪ್ರತಿಧ್ವನಿ ಬರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಬದಲಾಗುತ್ತದೆ. ಐದು ಡಿಗ್ರಿ ಲೆಕ್ಕ ತಪ್ಪಿದರೆ 8 ಮೀಟರಿನಲ್ಲಿ 7 ಸೆಂ.ಮೀ. ವ್ಯತ್ಯಾಸ.

ಮೂರನೆಯದನ್ನು ಬೇರೆ ಕಡೆಯಿಂದ ಶುರು ಮಾಡಲಾಯಿತು: ಈ ಸಂಖ್ಯೆ ನೋಡಿ ಯಾರು, ಯಾವಾಗ, ಏನು ತೀರ್ಮಾನ ಮಾಡುತ್ತಾರೆ? ಬೆಳಿಗ್ಗೆ ಪಂಪ್ ಹಾಕುವವರು, ತೋಟಕ್ಕೂ ನೀರು ಬಿಡಬಹುದೇ ಅಥವಾ ಮನೆ ಖರ್ಚಿಗೆ ಮಾತ್ರ ಇಟ್ಟುಕೊಳ್ಳಬೇಕೇ ಎಂದು. ಅವರಿಗೆ ಸೆಂಟಿಮೀಟರ್ ಬೇಡ, ಇನ್ನೆಷ್ಟು ಟ್ಯಾಂಕ್ ತುಂಬೀತು ಎಂಬುದು ಬೇಕು. ಅಳತೆಯೂ ಬಾವಿಯ ತಳದಿಂದಲ್ಲ, ಫುಟ್‌ವಾಲ್ವಿನಿಂದ, ಅಂದರೆ ಪಂಪ್ ನೀರು ಹೀರುವ ಪೈಪಿನ ಕೆಳತುದಿಯ ಕವಾಟದಿಂದ. ಅದರ ಕೆಳಗಿನ ನೀರು ಇದ್ದರೂ ಪಂಪಿಗೆ ಸಿಗುವುದಿಲ್ಲ.

ಈಗ ಗೋಡೆಗೆ ಅಂಟಿಸಿರುವ ನಾಲ್ಕನೇ ಕರಡು:

‘ಪರ್ಕಳ, ಹಿರಿಯಡಕ ಕಡೆಯ ಮುರಕಲ್ಲಿನ ಬಾವಿಯನ್ನೇ ನಂಬಿದ ಮನೆಯವರಿಗೆ, ಫೆಬ್ರವರಿಯಿಂದ ಮೇ ತನಕ, ಬೆಳಿಗ್ಗೆ ಪಂಪ್ ಹಾಕುವ ಮೊದಲು, ಫುಟ್‌ವಾಲ್ವಿನ ಮೇಲೆ ಎಷ್ಟು ಟ್ಯಾಂಕ್ ನೀರಿದೆ ಎಂದು ಅರ್ಧ ಟ್ಯಾಂಕಿನ ನಿಖರತೆಯಲ್ಲಿ ತೋರಿಸಬೇಕು. ಇಂಟರ್ನೆಟ್ ಇಲ್ಲದೆ ನಡೆಯಬೇಕು. ಪಂಪನ್ನು ಮುಟ್ಟುವುದಿಲ್ಲ. ನೀರಿನ ಗುಣ ಹೇಳುವುದಿಲ್ಲ.’

ಕೊನೆಯ ಎರಡು ‘ಇಲ್ಲ’ಗಳು ಎಲ್ಲಕ್ಕಿಂತ ಹೆಚ್ಚು ಬೆಲೆಯವು. ಮಲ್ಪೆ, ಪಡುಕೆರೆಯ ಕಡಲಂಚಿನಲ್ಲಿ ತೊಂದರೆಯೇ ಬೇರೆ: ಬಾವಿಯಲ್ಲಿ ನೀರಿದ್ದರೂ ಉಪ್ಪಾಗಬಹುದು. ಅಲ್ಲಿಗೆ ಮಟ್ಟದ ಮಾಪಕ ಕೊಟ್ಟು ಪ್ರಯೋಜನವಿಲ್ಲ, ಅದು ಇನ್ನೊಂದು ಪ್ರಾಜೆಕ್ಟ್. ಊರಿನ ಹೆಸರು ವಾಕ್ಯದಲ್ಲಿರುವುದು ಇದಕ್ಕಾಗಿಯೇ.

ತಿಂಗಳುಗಳ ಹೆಸರೂ ಅಲಂಕಾರಕ್ಕಲ್ಲ. ಜೂನ್, ಜುಲೈ ಮೋಡದಲ್ಲಿ ನಡೆಯಬೇಕಾಗಿದ್ದರೆ ದೊಡ್ಡ ಸೋಲಾರ್ ಪ್ಯಾನೆಲ್ ಬೇಕಿತ್ತು. ನಾಲ್ಕು ತಿಂಗಳಿಗೆ, ದಿನಕ್ಕೊಂದು ಅಳತೆಗೆ, ಚಾರ್ಜ್ ಮಾಡಿದ 18650 ಲಿಥಿಯಂ ಸೆಲ್ ಸಾಕು. ಒಂದೇ ಷರತ್ತು: ಮಾಪಕವನ್ನು ನಡೆಸುವ ಇಎಸ್‌ಪಿ32 ಚಿಪ್ ನಿದ್ದೆಯಲ್ಲಿ ಮೈಕ್ರೋಆಂಪ್‌ಗಳಲ್ಲಿ ನಡೆದರೂ, ಅದನ್ನು ಕೂರಿಸಿದ ಡೆವ್ ಬೋರ್ಡಿನ ಎಲ್‌ಇಡಿ, ಯುಎಸ್‌ಬಿ ಚಿಪ್, ರೆಗ್ಯುಲೇಟರ್ ಸೇರಿ 10 ಮಿಲಿಆಂಪ್ ಎಳೆದರೆ 2500 ಎಂಎಎಚ್ ಸೆಲ್ ಹತ್ತೇ ದಿನದಲ್ಲಿ ಖಾಲಿ. ಈ ಹೆಚ್ಚುವರಿ ಭಾಗಗಳಿಲ್ಲದ ಬರಿಯ ಮಾಡ್ಯೂಲ್ ಬಳಸಬೇಕು.

‘ಅರ್ಧ ಟ್ಯಾಂಕ್’ ಎಂಬುದನ್ನು ಲೆಕ್ಕಕ್ಕೆ ಇಳಿಸೋಣ. 3 ಮೀಟರ್ ವ್ಯಾಸದ ಬಾವಿಯಲ್ಲಿ 1 ಸೆಂ.ಮೀ. ಎಂದರೆ ಸುಮಾರು 70 ಲೀಟರ್. ಸಾವಿರ ಲೀಟರ್ ಟ್ಯಾಂಕಿನ ಅರ್ಧ, ಅಂದರೆ 7 ಸೆಂ.ಮೀ. 4 ಮೀಟರ್ ವ್ಯಾಸವಾದರೆ ಅದೇ 500 ಲೀಟರ್ ಬರೀ 4 ಸೆಂ.ಮೀ.ನಲ್ಲಿ ಅಡಗಿಬಿಡುತ್ತದೆ. ಕೆಳಗೆ ಹೋದಂತೆ ಬಾವಿ ಕಿರಿದಾಗುವುದುಂಟು, ಆದ್ದರಿಂದ ವ್ಯಾಸವನ್ನು ಕಟ್ಟೆಯ ಹತ್ತಿರ ಅಳೆಯದೆ ಬೇಸಗೆಯ ನೀರಿನ ಮಟ್ಟದಲ್ಲಿ ಅಳೆಯಬೇಕು.

ಈ ಲೆಕ್ಕದಿಂದಲೇ ಸೆನ್ಸರ್ ಸಿಕ್ಕಿತು: ನೀರಲ್ಲಿ ಮುಳುಗಿಸುವ ಒತ್ತಡದ ಸೆನ್ಸರ್, 0–5 ಮೀಟರ್, ಮಟ್ಟಕ್ಕೆ ತಕ್ಕಂತೆ 4–20 ಮಿಲಿಆಂಪ್ ಕರೆಂಟ್, ನಿಖರತೆ 0.5 ಶೇಕಡ, ಅಂದರೆ 2.5 ಸೆಂ.ಮೀ. ಅದರ ಕರೆಂಟ್ 150 ಓಮ್ ರೆಸಿಸ್ಟರ್ ದಾಟಿದಾಗ 0.6ರಿಂದ 3 ವೋಲ್ಟ್, ಪ್ರತಿ ಸೆಂ.ಮೀ.ಗೆ 4.8 ಮಿಲಿವೋಲ್ಟ್. ಇಎಸ್‌ಪಿ32ರ ಸ್ವಂತ ಎಡಿಸಿ (ವೋಲ್ಟನ್ನು ಅಂಕಿಯಾಗಿಸುವ ಭಾಗ) ಮೇಲಿನ ತುದಿಯಲ್ಲಿ ಸರಳರೇಖೆ ಬಿಡುವುದರಿಂದ ಅದೇ ಕೆಲಸಕ್ಕೆ ಎಡಿಎಸ್1115 ಎಂಬ ಬೇರೆ ಚಿಪ್ ಹಾಕಿದ್ದೇವೆ. ಸೆನ್ಸರ್‌ಗೆ 12 ವೋಲ್ಟ್ ಕೊಡುವ ಬೂಸ್ಟ್ ಕನ್ವರ್ಟರ್ ಅಳತೆಯ ಕೆಲವು ಸೆಕೆಂಡ್ ಮಾತ್ರ ಆನ್. ತೂಗುಹಾಕುವಾಗ ಫುಟ್‌ವಾಲ್ವಿನ ಮಟ್ಟಕ್ಕೇ ಹಾಕಿ. ಹೂಳಿನಲ್ಲಿ ಮುಳುಗಿದರೆ ರಂಧ್ರ ಕಟ್ಟುತ್ತದೆ.

ಮುಂದೆ ಕೆಡುವ ಜಾಗ ಒಂದು ಗೊತ್ತಿದೆ. ಈ ಸೆನ್ಸರಿನ ಕೇಬಲ್ಲಿನೊಳಗೆ, ವಾಯುಭಾರವನ್ನು ಲೆಕ್ಕದಿಂದ ಕಳೆಯಲು, ಹೊರಗಾಳಿಯ ಸಣ್ಣ ಕೊಳವೆ ಇರುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಅದರಲ್ಲಿ ನೀರು ಕಟ್ಟಿದರೆ ವಾಯುಭಾರದ ಏರಿಳಿತವೆಲ್ಲ ನೀರಿನ ಏರಿಳಿತವಾಗಿ ಕಾಣುತ್ತದೆ: 1 ಹೆಕ್ಟೋಪಾಸ್ಕಲ್‌ಗೆ 1 ಸೆಂ.ಮೀ. ಕೊಳವೆಯ ತುದಿ ಜಂಕ್ಷನ್ ಬಾಕ್ಸಿನೊಳಗೆ ಇರಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಾಕ್ಸನ್ನು ಪೂರ್ತಿ ಗಾಳಿಯಾಡದಂತೆ ಮುಚ್ಚಿದರೆ ಕೊಳವೆ ಇದ್ದೂ ವ್ಯರ್ಥ.

ಅಳತೆ ಬೆಳಿಗ್ಗೆ 5ಕ್ಕೆ. ಹಿಂದಿನ ದಿನ ಪಂಪ್ ಎಳೆದ ನೀರು ರಾತ್ರಿ ಒರತೆಯಿಂದ ಮತ್ತೆ ಕೂಡಿರುತ್ತದೆ. ಪಂಪ್ ನಡೆಯುವಾಗಿನ ಮಟ್ಟ ತೀರ್ಮಾನಕ್ಕೆ ಬರುವುದಿಲ್ಲ. ಬಾವಿಯಿಂದ ಅಡುಗೆಮನೆಗೆ ಇಎಸ್‌ಪಿ-ನೌ (ರೂಟರ್ ಇಲ್ಲದೆ ಎರಡು ಚಿಪ್‌ಗಳ ನಡುವೆ ನಡೆಯುವ ವೈರ್‌ಲೆಸ್) ಮೂಲಕ ಕಳಿಸುವ ಯೋಚನೆ. ಉದ್ದದ ತಂತಿ ಎಳೆದರೆ ಏಪ್ರಿಲ್, ಮೇ ಸಿಡಿಲಿಗೆ ಆಹ್ವಾನ. 5ಕ್ಕೆ ಕರೆಂಟ್ ಹೋಗಿದ್ದರೆ ಡಿಸ್‌ಪ್ಲೇ ಕೇಳಿಸಿಕೊಳ್ಳುವುದಿಲ್ಲ. ಆಗ ಪಂಪ್ ಕೂಡ ನಡೆಯುವುದಿಲ್ಲ, ಹಾಗಾಗಿ ಬ್ಯಾಟರಿ ಬ್ಯಾಕಪ್ ಎಂಬ ಹೊಸ ಬೇಡಿಕೆಯನ್ನೂ ಕೈಬಿಟ್ಟೆವು. ಉತ್ತರ ಸಿಗುವ ತನಕ ಅರ್ಧ ಗಂಟೆಗೊಮ್ಮೆ, 9ರ ವರೆಗೆ ಮತ್ತೆ ಕಳಿಸಿದರಾಯಿತು.

ಮುಂದಿನ ಕೆಲಸ: ದಪ್ಪ ಮುರಕಲ್ಲಿನ ಗೋಡೆ ದಾಟಿ ಸಿಗ್ನಲ್ ಬರುತ್ತದೆಯೇ ಎಂಬ ಪರೀಕ್ಷೆ, ನಂತರ ತುದಿಗೆ ಭಾರ ಕಟ್ಟಿದ ಟೇಪ್ ಇಳಿಸಿ ಡಿಸ್‌ಪ್ಲೇಯ ಅಂಕಿಯೊಂದಿಗೆ ಹೋಲಿಕೆ. ವ್ಯತ್ಯಾಸ ಅರ್ಧ ಟ್ಯಾಂಕಿನೊಳಗೆ ನಿಂತರೆ ಸೆನ್ಸರ್ ಭಾಗವನ್ನು ಇನ್ನು ತಿದ್ದುವುದಿಲ್ಲ.