ಆ್ಯಪ್ ಮಾಡೋಕೆ ದೇಶ ಸುತ್ತಬೇಕಾ?

"ಬೆಂಗಳೂರಲ್ಲೇ ಇಷ್ಟೊಂದು ಕಂಪನಿಗಳಿವೆ. ನೀವ್ಯಾಕೆ ದೇಶ ದೇಶ ಸುತ್ತುತ್ತೀರಿ? ಆ್ಯಪ್ ಮಾಡೋಕೆ ಲ್ಯಾಪ್‌ಟಾಪ್ ಸಾಕಲ್ವಾ?" ನೆಂಟರು ಕೇಳುತ್ತಾರೆ, ಕೆಲಸ ಹುಡುಕುತ್ತಿರುವ ಹುಡುಗರೂ ಕೇಳುತ್ತಾರೆ.

ನಾನು ಮಾಡುವುದು ಹಣ ಪಾವತಿಯ ಆ್ಯಪ್‌ಗಳನ್ನು. ಕಟ್ಟೋಕೆ ಲ್ಯಾಪ್‌ಟಾಪ್ ಸಾಕು, ನಿಜ. ಆದರೆ ಏನು ಕಟ್ಟಬೇಕು ಅನ್ನೋದು ಅಂಗಡಿ ಮುಂದೆ ನಿಂತರೇ ಗೊತ್ತಾಗುವುದು. ಎಲ್ಲಿಗೆ ಹೋದರೂ ನಾನು ನೋಡುವುದು ಒಂದೇ: ದುಡ್ಡು ಬಂತು ಅಂತ ಅಂಗಡಿಯವರಿಗೆ ನಂಬಿಕೆ ಹೇಗೆ ಬರುತ್ತದೆ?

ನಮ್ಮ ದೋಸೆ ಗಾಡಿಯನ್ನೇ ನೋಡಿ. 2016ರಲ್ಲಿ ಯುಪಿಐ ಬಂತು, ಫೋನಿಗೆ ಮೆಸೇಜೂ ಬರುತ್ತಿತ್ತು. ಆದರೆ ಕೈತುಂಬ ಹಿಟ್ಟು, ಮುಂದೆ ಗಿರಾಕಿಗಳು. ಫೋನ್ ತೆಗೆದು ನೋಡೋದು ಯಾವಾಗ? ಹಳೇ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರೂ ಇದ್ದರು. ದುಡ್ಡು ಬಂದ ಕೂಡಲೇ ಕೂಗಿ ಹೇಳುವ ಸೌಂಡ್‌ಬಾಕ್ಸ್ ಈ ಕಷ್ಟವನ್ನು ಕಳೆಯಿತು. ಅದೂ ಕನ್ನಡದಲ್ಲೇ. ಕ್ಯೂಆರ್ ಕೋಡ್‌ನಷ್ಟೇ ದೊಡ್ಡ ಕೆಲಸ ಅದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೀನ್ಯಾದ ನೈರೋಬಿಯಲ್ಲಿ ಬೇರೆಯೇ ದಾರಿ. ಅಲ್ಲಿ ಫೋನಿನಿಂದಲೇ ದುಡ್ಡು ಕಳಿಸುವ ಎಂ-ಪೆಸಾ ಸೇವೆ ಶುರುವಾದದ್ದು 2007ರಲ್ಲಿ. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ, ಬ್ಯಾಂಕ್ ಖಾತೆಯೂ ಬೇಡ. ಮೆನು ಸಿಮ್ ಕಾರ್ಡ್‌ನೊಳಗೇ ಇತ್ತು. ರಸ್ತೆ ಬದಿಯ ಏಜೆಂಟ್‌ಗೆ ನಗದು ಕೊಟ್ಟರೆ ಅಷ್ಟೂ ಫೋನಿನ ಖಾತೆಗೆ ಬರುತ್ತದೆ. ಪೇಟೆಯಲ್ಲಿ ದುಡಿಯುವವರು ಹಳ್ಳಿಯ ಮನೆಗೆ ಕಳಿಸುತ್ತಾರೆ, ಅಲ್ಲಿನವರು ತಮ್ಮೂರ ಏಜೆಂಟ್ ಹತ್ತಿರ ನಗದು ಮಾಡಿಕೊಳ್ಳುತ್ತಾರೆ. ಇಬ್ಬರಿಗೂ ಎಸ್ಸೆಮ್ಮೆಸ್ಸೇ ರಸೀದಿ. ‘ಮಾಮಾ ಎಂಬೋಗಾ’ ಅಂತ ಕರೆಯುವ ತರಕಾರಿ ಮಾರುವ ಹೆಂಗಸರು ಆ ಎಸ್ಸೆಮ್ಮೆಸ್ ನೋಡಿಯೇ ಸೊಪ್ಪು ಕೈಗಿಡುತ್ತಾರೆ.

ಬರ್ಲಿನ್‌ನಲ್ಲಿ ಈಗಲೂ ಕೆಲವು ಬೇಕರಿ, ಕೆಫೆಗಳು ನಗದು ಮಾತ್ರ ತೆಗೆದುಕೊಳ್ಳುತ್ತವೆ. ಅವರು ಹಿಂದುಳಿದಿದ್ದಾರೆ ಅಂತ ನಮ್ಮವರು ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಏನು ಕೊಂಡೆ ಅನ್ನುವ ಲೆಕ್ಕ ಯಾರದೋ ಕಂಪ್ಯೂಟರಿನಲ್ಲಿ ಯಾಕಿರಬೇಕು ಅಂತ ಅಲ್ಲಿನ ಗೆಳೆಯರು ನೇರವಾಗಿ ಕೇಳುತ್ತಾರೆ. ಅಲ್ಲಿದ್ದು ಬಂದ ಮೇಲೆ, ಫೋನ್ ನಂಬರ್ ಕೇಳುವ ಮೊದಲು ಅದು ನಿಜಕ್ಕೂ ಬೇಕಾ ಅಂತ ನಾನು ತಂಡದವರ ಜೊತೆ ಜಗಳಕ್ಕೇ ನಿಲ್ಲುತ್ತೇನೆ.

ಕೆಲಸ ಬಿಟ್ಟರೆ ನನಗಿರುವ ಹುಚ್ಚು ಅಕ್ಷರಗಳದ್ದು. ಕೈಯಲ್ಲಿ ಬರೆದ ಅಂಗಡಿ ಬೋರ್ಡುಗಳ ಫೋಟೋ ತೆಗೆಯುತ್ತೇನೆ, ಸಂಜೆ ಬ್ರಷ್ ಹಿಡಿದು ಬರೆಯುತ್ತೇನೆ. ಇದೂ ಕೆಲಸಕ್ಕೆ ಬಂತು. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ ಕನ್ನಡದ ಒತ್ತಕ್ಷರ ಕೆಳಗೆ ಕತ್ತರಿಸಿಹೋಗುತ್ತದೆ. ‘ರದ್ದು’ ಇದ್ದದ್ದು ‘ರದು’ ಆಗುತ್ತದೆ. ದುಡ್ಡಿನ ವಿಷಯದಲ್ಲಿ ಅಂಥ ಬಟನ್ ಒತ್ತಲು ಯಾರಿಗೆ ಧೈರ್ಯ ಬರುತ್ತೆ? ಸಾಲಿನ ಎತ್ತರ ಜಾಸ್ತಿ ಮಾಡಿ ಅಂತ ಪ್ರತಿ ತಂಡಕ್ಕೂ ಹೇಳುತ್ತೇನೆ.

ಕಳೆದುಕೊಳ್ಳುವುದೂ ಇದೆ. ವೀಸಾ ಕಾಗದ, ಬಾಡಿಗೆ ಮನೆ ಹುಡುಕಾಟ ಹೇಗೋ ಮುಗಿಯುತ್ತವೆ. ಅಪ್ಪ ಅಮ್ಮನಿಗೆ ವಯಸ್ಸಾದಂತೆ ವಿಡಿಯೋ ಕಾಲ್ ಸಾಲುವುದಿಲ್ಲ. ಅದಕ್ಕೇ ಈಗ ವರ್ಷದಲ್ಲಿ ಜಾಸ್ತಿ ಕಾಲ ಮನೆಯಲ್ಲೇ ಇರುತ್ತೇನೆ.

ಹುಡುಗರಿಗೆ ನಾನು ಹೇಳುವುದು: ವೀಸಾ ಆಮೇಲೆ. ಮೊದಲು ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗಿ. ಹೂವಿನವರು ಯಾರಿಗೆ ಸಾಲ ಬರೆದುಕೊಳ್ಳುತ್ತಾರೆ, ಯಾರ ಹತ್ತಿರ ನಗದೇ ಕೇಳುತ್ತಾರೆ ನೋಡಿ. ಅಲ್ಲೇ ಬೇಕಾದಷ್ಟು ಕೆಲಸ ಸಿಕ್ಕರೆ ಎಲ್ಲಿಗೂ ಹೋಗಬೇಕಾಗಿಲ್ಲ. ನನಗಂತೂ ಇನ್ನು ಟೋಕಿಯೊ ನೋಡುವ ಆಸೆ. 2001ರಲ್ಲಿ ರೈಲು ಟಿಕೆಟ್ ಬದಲಿಗೆಂದು ಬಂದ ಸುಯಿಕಾ ಕಾರ್ಡ್ ಅಂಗಡಿಗಳ ಒಳಗೂ ಹೇಗೆ ಹೊಕ್ಕಿತು ಅಂತ ಅಲ್ಲಿನ ಅಂಗಡಿಯವರನ್ನೇ ಕೇಳಬೇಕು.