ವಯಸ್ಸು ನೋಡಿ ಬ್ಯಾಚ್ ಮಾಡಿದ್ದೆ

ನಮ್ಮ ಅಕೌಂಟ್ಸ್ ವಿಭಾಗಕ್ಕೆ ಹೊಸ ಸಾಫ್ಟ್‌ವೇರ್ ಬಂದಾಗ ಎಲ್ಲರಿಗೂ ಕಲಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ನಾನು ವಯಸ್ಸು ನೋಡಿ ಎರಡು ಬ್ಯಾಚ್ ಮಾಡಿದೆ. 45 ದಾಟಿದವರಿಗೆ ಎರಡು ದಿನದ ಕ್ಲಾಸು, ಕೈಗೊಂದು ಪ್ರಿಂಟ್ ಹಾಕಿದ ಕೈಪಿಡಿ. ಚಿಕ್ಕವರಿಗೆ ಐದೈದು ನಿಮಿಷದ ವಿಡಿಯೋಗಳು. ಯಾರೂ ಬೇಡ ಅನ್ನಲಿಲ್ಲ, ನನಗೂ ಅದೇ ಸರಿ ಅನಿಸಿತ್ತು.

ಎರಡನೇ ವಾರ ಬ್ಯಾಂಕ್ ಲೆಕ್ಕ ತಾಳೆಯಾಗಲಿಲ್ಲ. ಹುಡುಕಿದರೆ ಸಿಕ್ಕಿದ್ದು ಒಂದೇ ಎಂಟ್ರಿ. ಗ್ರಾಹಕರೊಬ್ಬರು ಮಾಲು ವಾಪಸ್ ಕಳಿಸಿದ್ದರು, ಅದಕ್ಕೆ ಕ್ರೆಡಿಟ್ ನೋಟ್, ಅಂದರೆ ಅವರ ಬಾಕಿ ಇಳಿಸುವ ಚೀಟಿ, ಹಾಕಬೇಕಿತ್ತು. ಹೊಸದಾಗಿ ಸೇರಿದ ಹುಡುಗಿ ಅದನ್ನು ಹಣ ಬಂದ ರಸೀದಿ ಅಂತ ಹಾಕಿದ್ದಳು. ವಿಡಿಯೋಗಳನ್ನೆಲ್ಲ ನೋಡಿದ್ದಳು, ಶಾರ್ಟ್‌ಕಟ್ ಕೀಗಳು ನನಗಿಂತ ಚೆನ್ನಾಗಿ ಬರುತ್ತಿದ್ದವು. ಪಕ್ಕದ ಮೇಜಿನ ಹಿರಿಯರು ಕುರ್ಚಿ ಎಳೆದುಕೊಂಡು ಬಂದು ಕೂತರು.

"ನೋಡಮ್ಮ, ವಾಪಸ್ ಬಂದಿದ್ದು ಮಾಲು. ದುಡ್ಡು ಬಂತಾ?"

"ಇಲ್ಲ ಸರ್."

"ಮತ್ತೆ ಬ್ಯಾಂಕಿಗೆ ಯಾಕೆ ಬರೆದೆ? ಅವರು ನಮಗೆ ಕೊಡಬೇಕಾದ ಬಾಕಿ ಕಮ್ಮಿ ಆಗಬೇಕು, ಅಷ್ಟೇ."

ಅವಳು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದಳು. ಆಮೇಲೆ ಯಾರೂ ಹೇಳದೆ ತಾನೇ ಸರಿಮಾಡಿದಳು. ಬಟನ್ ಎಲ್ಲಿದೆ ಅನ್ನುವುದನ್ನಷ್ಟೇ ನನ್ನ ವಿಡಿಯೋ ತೋರಿಸಿತ್ತು.

ಅದೇ ಹಿರಿಯರು ನನ್ನ ಕ್ಲಾಸಿನಲ್ಲಿ ಎರಡೂ ದಿನ ಮಾತಿಲ್ಲದೆ ಕೂತಿದ್ದರು. ಕ್ರೆಡಿಟ್ ನೋಟ್ ಅಂದರೇನು ಅಂತ ಅವರಿಗೇ ನಾನು ಅರ್ಧ ಗಂಟೆ ವಿವರಿಸಿದ್ದೆ! ಆ ದಿನ ಅವರ ನೋಟ್‌ಬುಕ್ ನೋಡಿದೆ. ಪೆನ್ಸಿಲ್‌ನಲ್ಲಿ ಸ್ಕ್ರೀನಿನ ಚೌಕ ಎಳೆದು, ಒಳಗೆ ಒಂದೊಂದೇ ಬಟನ್ ಬರೆದಿದ್ದರು. 'ಸೇವ್' ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೀಗಿತ್ತು: "ಒತ್ತಿದ ಮೇಲೆ ತಪ್ಪಾದರೆ?" ಅವರಿಗೆ ಬೇಕಿದ್ದದ್ದು ಈ ಒಂದು ಉತ್ತರ. ಎರಡು ದಿನದಲ್ಲಿ ನಾನು ಅದನ್ನು ಹೇಳಿರಲೇ ಇಲ್ಲ.

ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2020ರಲ್ಲಿ ಇದೇ ವಿಷಯದ ಮೇಲೆ ವರದಿ ಕೊಟ್ಟಿವೆ. ಮಿಲೇನಿಯಲ್, ಬೂಮರ್ ಅಂತ ತಲೆಮಾರಿನ ಹೆಸರಿಟ್ಟು ಸಿಬ್ಬಂದಿಯನ್ನು ವಿಂಗಡಿಸುವುದಕ್ಕೆ ಗಟ್ಟಿ ಸಂಶೋಧನೆಯ ಆಧಾರವಿಲ್ಲ ಅನ್ನುತ್ತದೆ ಅದು. ನನಗೆ ಇನ್ನೂ ಹತ್ತಿರವಾಗಿ ತಾಗಿದ್ದು ಕಲಿಕೆಯ ಬಗ್ಗೆ ಸಂಶೋಧನೆ ಮಾಡುವ ಸ್ಲಾವಾ ಕಲ್ಯೂಗಾ, ಜಾನ್ ಸ್ವೆಲ್ಲರ್ ಮತ್ತಿತರರು 2003ರಲ್ಲಿ ಬರೆದ ಪ್ರಬಂಧ. ಹೊಸಬರಿಗೆ ಹಂತಹಂತದ ವಿವರಣೆ ಆಸರೆಯಾಗುತ್ತದೆ. ವಿಷಯ ಗೊತ್ತಿರುವವರಿಗೆ ಅದೇ ವಿವರಣೆ ಅಡ್ಡಿಯಾಗಬಹುದು. ಅಂದರೆ ನಾನು ನೋಡಬೇಕಿದ್ದದ್ದು ಯಾರಿಗೆ ಏನು ಗೊತ್ತು ಅನ್ನುವುದನ್ನು, ಹುಟ್ಟಿದ ವರ್ಷವನ್ನಲ್ಲ. ಇದನ್ನು ಮೊದಲೇ ಯೋಚಿಸಬೇಕಿತ್ತು ಅಂತ ಈಗಲೂ ಬೇಸರವಾಗುತ್ತದೆ.

ಆಮೇಲೆ ಸಾಫ್ಟ್‌ವೇರಿನದ್ದೇ ಒಂದು ಅಭ್ಯಾಸದ ಪ್ರತಿ ತೆಗೆಸಿದೆ, ನಿಜವಾದ ಲೆಕ್ಕಕ್ಕೆ ಸಂಬಂಧವಿಲ್ಲದ್ದು. ಹಿರಿಯರು ಅದರಲ್ಲಿ ಬೇಕೆಂದೇ ತಪ್ಪು ಎಂಟ್ರಿ ಹಾಕಿ ಸೇವ್ ಒತ್ತಿದರು. ಅದನ್ನು ರದ್ದು ಮಾಡುವ ಎದುರು ಎಂಟ್ರಿ ಹಾಕಿದರು. ಮತ್ತೆ ತಪ್ಪು, ಮತ್ತೆ ಎದುರು ಎಂಟ್ರಿ. ಆರೇಳು ಸಲ ಆಯಿತು. ಬಾಕಿ ಪ್ರತಿ ಸಲವೂ ಮೊದಲಿದ್ದಲ್ಲಿಗೇ ಬಂದು ನಿಂತಿತು.

ಮುಂದಿನ ತರಬೇತಿಯ ಫಾರಂನಲ್ಲಿ ವಯಸ್ಸಿನ ಕಾಲಂ ಇನ್ನೂ ಇದೆ. ತೆಗೆಯಿರಿ ಅಂತ ಬರೆದು ಕಳಿಸಿದ್ದೇನೆ. ಆ ಜಾಗಕ್ಕೆ ಎರಡು ಪ್ರಶ್ನೆ ಕೊಟ್ಟಿದ್ದೇನೆ: ಈ ಕೆಲಸದಲ್ಲಿ ಯಾವುದನ್ನು ಬೇರೆಯವರಿಗೆ ಕಲಿಸಬಲ್ಲಿರಿ? ಎಲ್ಲಿಗೆ ಬಂದರೆ ಕೈ ತಡೆಯುತ್ತದೆ?